ಕಪ್ಪತಗುಡ್ಡದ ಬೇರಿಗೆ ಬೆಲೆ ಕಟ್ಟುವ ಮುನ್ನ

ಪ್ರಶ್ನೆ: ನಾವು ಮುಂಡರಗಿ ತಾಲ್ಲೂಕಿನಲ್ಲಿ ಕಪ್ಪತಗುಡ್ಡದ ಸೆರಗಿಗೆ ಇರುವ ಊರಿನವರು. ನಮ್ಮ ಮಹಿಳಾ ಸ್ವಸಹಾಯ ಸಂಘದಲ್ಲಿ ಹದಿನೆಂಟು ಮಂದಿ ಇದ್ದೇವೆ. ಹೊಲದ ಬದು, ಬೇಲಿ ಮತ್ತು ಗುಡ್ಡದ ಅಂಚಿನಿಂದ ಮಧುನಾಶಿನಿ ಎಲೆ, ನೆಲ್ಲಿಕಾಯಿ, ಶತಾವರಿ ಬೇರು, ನಾಮದ ಬೇರು ತಂದು ಒಣಗಿಸಿ ಹುಬ್ಬಳ್ಳಿಯ ವ್ಯಾಪಾರಿಯೊಬ್ಬರಿಗೆ ಕೊಡುತ್ತ ಬಂದಿದ್ದೇವೆ. ಈಗ ಬೆಂಗಳೂರಿನ ಔಷಧ ಕಂಪನಿಯೊಂದು ನೇರವಾಗಿ ಕೊಳ್ಳುವುದಾಗಿ ಹೇಳಿ ಮೂರು ವರ್ಷದ ಒಪ್ಪಂದದ ಕರಡು ಕಳಿಸಿದೆ. ನಮ್ಮ ಓಣಿಯ ಆಯಿಯೊಬ್ಬರು ಕೀಲುನೋವಿಗೆ ಅರೆದು ಹಚ್ಚುವ ಲೇಪದ ವಿವರವನ್ನೂ ಅದರಲ್ಲಿಯೇ ಕೇಳಿದ್ದಾರೆ. ‘ಕಾನೂನಿನ ಪ್ರಕಾರ ಲಾಭದಲ್ಲಿ ನಿಮಗೂ ಪಾಲು ಬರುತ್ತದೆ’ ಎನ್ನುತ್ತಾರೆ. ಆ ಪಾಲು ಎಷ್ಟು, ಯಾರ ಕೈಗೆ ಬರುತ್ತದೆ? ನಾವು ಸಹಿ ಹಾಕಬಹುದೇ? ಆಯಿಯ ಹೆಸರು ಎಲ್ಲಿಯಾದರೂ ಉಳಿಯುತ್ತದೆಯೇ?

ಉತ್ತರ: ನೇರ ಉತ್ತರವನ್ನು ಮೊದಲು ಕೊಟ್ಟು, ಕಾರಣಗಳಿಗೆ ಆಮೇಲೆ ಬರುತ್ತೇನೆ. ಈಗಿರುವ ಕರಡಿಗೆ ಸಹಿ ಹಾಕಬೇಡಿ. ಎಲೆ ಮತ್ತು ಕಾಯಿ ಮಾರುವ ಮಾತನ್ನೂ ಆಯಿಯ ಲೇಪದ ಮಾತನ್ನೂ ಎರಡು ಬೇರೆ ಬೇರೆ ಕಾಗದಗಳಾಗಿ ಮಾಡಿಸಿ. ಬೇರಿನ ವಿಷಯದಲ್ಲಿ, ನಿಮ್ಮ ಸ್ವಂತ ಹೊಲದಲ್ಲಿ ನೆಟ್ಟು ಬೆಳೆಸಿದ್ದು ಕೈಗೆ ಬರುವವರೆಗೆ, ಇಂತಿಷ್ಟು ಕ್ವಿಂಟಲ್ ಕೊಡುತ್ತೇವೆಂಬ ಮಾತು ಕೊಡಬೇಡಿ. ಇನ್ನು ‘ಕಾನೂನಿನ ಪಾಲು’ ಎಂಬುದು ಬರುವುದೇ ಆದರೆ ತಡವಾಗಿ, ಸಣ್ಣ ಮೊತ್ತವಾಗಿ, ನಿಮ್ಮ ಸಂಘದ ಖಾತೆಗಲ್ಲದೆ ಪಂಚಾಯ್ತಿಯ ದಾರಿಯಿಂದ ಬರುವ ಹಣ. ನಿಮಗೆ ನ್ಯಾಯವಾಗಿ ಸಲ್ಲಬೇಕಾದುದರ ಬಹುಪಾಲು ತೀರ್ಮಾನವಾಗುವುದು ಮಾಲು ತೂಗುವ ದಿನ, ತಕ್ಕಡಿಯ ಮುಂದೆ. ಈ ಭಾಗದ ಗಿಡಮೂಲಿಕೆಗಳ ಜೊತೆ ಹಲವು ವರ್ಷ ಓಡಾಡಿದ ಮೇಲೆ ನನಗೆ ದೃಢವಾಗಿರುವುದು ಇದೇ ಮಾತು, ಮತ್ತು ಕಂಪನಿಯವರ ಬಾಯಲ್ಲಿ ‘ಲಾಭ ಹಂಚಿಕೆ’ ಎಂಬ ಪದ ಕೇಳಿದಾಗಲೆಲ್ಲ ನಾನು ಮೊದಲು ಕೇಳುವುದು ‘ಕೆಜಿಗೆ ಎಷ್ಟು, ತೂಕ ಯಾರದು’ ಎಂದು.

ಮಾಲು ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಯಿಂದ ಆರಂಭಿಸೋಣ, ಏಕೆಂದರೆ ನಿಮ್ಮ ಪತ್ರದಲ್ಲಿ ‘ಗುಡ್ಡದ ಅಂಚು’ ಎಂಬ ಎರಡೇ ಶಬ್ದಗಳಲ್ಲಿ ದಾಟಿಹೋಗಿರುವ ಈ ಸಂಗತಿಯೇ ನಿಮ್ಮನ್ನು ಎಲ್ಲಕ್ಕಿಂತ ಮೊದಲು ತೊಂದರೆಗೆ ಸಿಲುಕಿಸಬಲ್ಲದು. ಕಪ್ಪತಗುಡ್ಡ 2015ರ ಕೊನೆಯಲ್ಲಿ ಸಂರಕ್ಷಿತ ಮೀಸಲು ಪ್ರದೇಶವಾಯಿತು, 2016ರಲ್ಲಿ ಆ ಆದೇಶವನ್ನು ಹಿಂಪಡೆಯಲಾಯಿತು, ಗದಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿಯವರ ಮುಂದಾಳುತನದಲ್ಲಿ ಜನ ಬೀದಿಗಿಳಿದ ಮೇಲೆ 2017ರಲ್ಲಿ ಮತ್ತೆ ಜಾರಿಗೆ ಬಂತು, ಮತ್ತು 2019ರಲ್ಲಿ 244.15 ಚದರ ಕಿಲೋಮೀಟರ್ ವನ್ಯಜೀವಿ ಧಾಮವೆಂದು ಘೋಷಣೆಯಾಯಿತು. ಗಣಿಗಾರಿಕೆಯ ಬಾಯಿಂದ ಗುಡ್ಡವನ್ನು ಉಳಿಸಿಕೊಂಡ ಆ ಹೋರಾಟದಲ್ಲಿ ನಿಮ್ಮ ಊರಿನವರೂ ಇದ್ದಿರಬೇಕು. ಅದಕ್ಕಾಗಿ ಈ ಜಿಲ್ಲೆ ನಿಮಗೆ ಋಣಿ. ಆದರೆ ಧಾಮವಾದ ಮೇಲೆ ಒಳಗಿನ ಎಲೆ, ಬೇರು, ಕಾಯಿಯ ಸ್ಥಿತಿಯೂ ಬದಲಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕಲಂ 29ರ ಪ್ರಕಾರ ಧಾಮದೊಳಗಿಂದ ತೆಗೆದ ಅರಣ್ಯೋತ್ಪನ್ನ ಸುತ್ತಲ ಜನರ ಮನೆಬಳಕೆಗೆ ಸಲ್ಲಬಹುದೇ ಹೊರತು ವ್ಯಾಪಾರಕ್ಕೆ ಸಲ್ಲುವುದಿಲ್ಲ.

ಇದಕ್ಕೆ ಒಂದು ಕಾನೂನುಬದ್ಧ ದಾರಿ ಇದೆ. 2006ರ ಅರಣ್ಯ ಹಕ್ಕು ಕಾಯ್ದೆ ಕಿರು ಅರಣ್ಯ ಉತ್ಪನ್ನಗಳನ್ನು ಸಂಗ್ರಹಿಸುವ, ಬಳಸುವ ಮತ್ತು ಮಾರುವ ಹಕ್ಕನ್ನು ಅರಣ್ಯವಾಸಿಗಳಿಗೆ ಕೊಡುತ್ತದೆ. ಔಷಧಿ ಗಿಡ, ಬೇರು, ಗಡ್ಡೆಗಳೂ ಅದರೊಳಗೆ ಬರುತ್ತವೆ ಮತ್ತು ಧಾಮವೆಂಬ ಕಾರಣಕ್ಕೆ ಆ ಹಕ್ಕು ತಾನಾಗಿ ಅಳಿಯುವುದಿಲ್ಲ. ಆದರೆ ಅದು ಗ್ರಾಮಸಭೆಯ ಮೂಲಕ ಅರ್ಜಿ ಹೋಗಿ, ಜಿಲ್ಲಾ ಮಟ್ಟದ ಸಮಿತಿ ಮಾನ್ಯ ಮಾಡಿದ ಹಕ್ಕಾಗಿರಬೇಕು. ಪರಿಶಿಷ್ಟ ಪಂಗಡದವರಲ್ಲದವರು 2005ರ ಡಿಸೆಂಬರ್ 13ಕ್ಕೆ ಮುಂಚೆ ಮೂರು ತಲೆಮಾರು, ಅಂದರೆ ಎಪ್ಪತ್ತೈದು ವರ್ಷ, ಅಲ್ಲಿಯೇ ನೆಲೆಸಿ ಅರಣ್ಯವನ್ನೇ ನಂಬಿದ್ದೆವೆಂದು ತೋರಿಸಬೇಕು. ನಿಮ್ಮ ಊರಿಗೆ ಅಂಥ ಸಮುದಾಯ ಹಕ್ಕುಪತ್ರ ಸಿಕ್ಕಿಲ್ಲದಿದ್ದರೆ, ಧಾಮದ ಗಡಿಯೊಳಗಿನ ಒಂದು ಹಿಡಿ ಎಲೆಯನ್ನೂ ಒಪ್ಪಂದದ ಮಾಲಿಗೆ ಸೇರಿಸಬೇಡಿ. ಕರಡಿನಲ್ಲಿ ‘ಮಾಲಿನ ಕಾನೂನುಬದ್ಧತೆಯ ಪೂರ್ಣ ಜವಾಬ್ದಾರಿ ಸರಬರಾಜುದಾರರದು’ ಎಂಬ ಸಾಲು ಇದ್ದೇ ಇರುತ್ತದೆ. ನಾನು ನೋಡಿದ ಇಂಥ ಕರಡುಗಳಲ್ಲೆಲ್ಲ ಇತ್ತು. ನಾಳೆ ಚೆಕ್‌ಪೋಸ್ಟಿನಲ್ಲಿ ಚೀಲ ಬಿಚ್ಚಿಸಿದರೆ ಉತ್ತರ ಹೇಳಬೇಕಾದವರು ಬೆಂಗಳೂರಿನ ಕಂಪನಿಯವರಲ್ಲ, ಸಹಿ ಮಾಡಿದ ನೀವು.

ಒಳ್ಳೆಯ ಸಂಗತಿಯೆಂದರೆ, ನಿಮ್ಮ ನಾಲ್ಕು ಮೂಲಿಕೆಗಳಲ್ಲಿ ಎರಡಕ್ಕೆ ಗುಡ್ಡ ಹತ್ತಬೇಕಾಗಿಯೇ ಇಲ್ಲ. ಮಧುನಾಶಿನಿ, ನಮ್ಮಲ್ಲಿ ಕೆಲವರು ಸಣ್ಣಗೆರಸೆ ಎನ್ನುವ ಹಂಬು, ಮುಳ್ಳುಬೇಲಿಯ ಮೇಲೆ ತಾನಾಗಿ ಹಬ್ಬುತ್ತದೆ. ಅದರ ಎರಡು ಎಲೆ ಅಗಿದು ಬಾಯಿಗೆ ಸಕ್ಕರೆ ಹಾಕಿಕೊಂಡರೆ ಸ್ವಲ್ಪ ಹೊತ್ತು ಮರಳು ತಿಂದಂತಾಗುತ್ತದೆ. ಈ ಗುಣವೇ ಅದಕ್ಕೆ ಹೆಸರನ್ನೂ ಮಾರುಕಟ್ಟೆಯನ್ನೂ ಕೊಟ್ಟಿದೆ. ಹಂಬನ್ನು ಜಗ್ಗಿ ಕೀಳದೆ, ಬಲಿತ ಎಲೆಯನ್ನಷ್ಟೇ ಬಿಡಿಸಿ, ಎಳೆಯ ತುದಿಯನ್ನು ಉಳಿಸಿ, ನೆರಳಿನಲ್ಲಿ ಹಸಿರು ಮಾಸದಂತೆ ಒಣಗಿಸಿದರೆ ಅದೇ ಬೇಲಿ ವರ್ಷ ವರ್ಷವೂ ಎಲೆ ಕೊಡುತ್ತದೆ. ನೆಲ್ಲಿಯೂ ಹಾಗೆಯೇ, ಟೊಂಗೆ ಕಡಿದು ಕೆಡವುವ ಚಟ ಬಿಟ್ಟು, ಗಳಕ್ಕೆ ಕೊಕ್ಕೆ ಕಟ್ಟಿ ಬಡಿದರೆ ಮರಕ್ಕೆ ಪೆಟ್ಟಾಗುವುದಿಲ್ಲ. ಹತ್ತರಲ್ಲಿ ಒಂದೆರಡು ಮರಗಳ ಕಾಯಿಯನ್ನು ಮುಟ್ಟದೆ ಬಿಡಿ, ಮತ್ತು ಮರ ಹತ್ತಿದವರು ಅಲ್ಲಿಯೇ ಬದನಿಕೆ ಕಂಡರೆ ಕತ್ತರಿಸಿ ಹಾಕಲಿ, ಅದು ಮರವನ್ನು ಒಳಗಿಂದೊಳಗೆ ಹೀರುತ್ತದೆ.

ಬೇರಿನ ಕಥೆ ಬೇರೆ. ಕೆಲವು ವರ್ಷಗಳ ಹಿಂದೆ ಡೋಣಿಯ ಕಡೆ ಹೊಲದ ಬದುವಿನಲ್ಲಿ ಇಬ್ಬರು ಹೆಣ್ಣುಮಕ್ಕಳು ಶತಾವರಿ ಅಗೆಯುವುದನ್ನು ಕುಳಿತು ನೋಡಿದ್ದೆ. ಒಬ್ಬರು ಹಾರೆಯಿಂದ ಬುಡವನ್ನೇ ಎತ್ತಿ, ಬಳ್ಳಿಯನ್ನು ಅತ್ತ ಎಸೆದು, ಬೇರಿನ ಗೊಂಚಲನ್ನು ಬುಟ್ಟಿಗೆ ಹಾಕಿಕೊಂಡು ಮುಂದಿನ ಗಿಡಕ್ಕೆ ಹೋದರು. ಇನ್ನೊಬ್ಬರು ಬುಡದ ಒಂದು ಮಗ್ಗುಲಿನ ಮಣ್ಣನ್ನು ಮಾತ್ರ ಕುರುಚಿಗೆಯಿಂದ ಸರಿಸಿ, ಬೆರಳಿನಷ್ಟು ದಪ್ಪಗಾದ ಬಿಳಿ ಬೇರುಗಳನ್ನು ಒಂದೊಂದಾಗಿ ಮುರಿದು, ಆಚೆ ಮಗ್ಗುಲನ್ನು ಮುಟ್ಟದೆ, ಮಣ್ಣು ಮುಚ್ಚಿ ಅಂಗಾಲಿನಿಂದ ಒತ್ತಿದರು. ಸಂಜೆಗೆ ಮೊದಲನೆಯವರ ಬುಟ್ಟಿ ತುಂಬಿತ್ತು, ಎರಡನೆಯವರದು ಅರ್ಧವೂ ಆಗಿರಲಿಲ್ಲ. ವ್ಯಾಪಾರಿ ಇಬ್ಬರಿಗೂ ಕೆಜಿಗೆ ಒಂದೇ ದರ ಕೊಟ್ಟ. ಸುಸ್ಥಿರ ಕೊಯ್ಲಿನ ಮೇಲೆ ಎಷ್ಟು ತರಬೇತಿ ಕೊಟ್ಟರೂ ಗಿಡ ಏಕೆ ಉಳಿಯುತ್ತಿಲ್ಲ ಎಂಬುದಕ್ಕೆ ಆ ಒಂದು ಸಂಜೆಯೇ ನನಗೆ ಉತ್ತರವಾಗಿದೆ: ಗಿಡವನ್ನು ಉಳಿಸಿದವರ ಶ್ರಮಕ್ಕೆ ಆ ದರದಲ್ಲಿ ಒಂದು ಪೈಸೆಯೂ ಇರಲಿಲ್ಲ. ‘ಹಲವು ಮಕ್ಕಳ ತಾಯಿ’ ಎಂದು ನಮ್ಮ ಹಿರಿಯರು ಆ ಗಿಡಕ್ಕಿಟ್ಟ ಹೆಸರು ಒಂದೇ ಬುಡದಿಂದ ಹೊರಡುವ ಹತ್ತಾರು ಬೇರುಗಳನ್ನು ಕಂಡು ಇಟ್ಟದ್ದು. ತಾಯಿಯನ್ನು ಬಿಟ್ಟು ಕೆಲವು ಮಕ್ಕಳನ್ನಷ್ಟೇ ತೆಗೆಯಬೇಕೆಂಬ ರೀತಿಯೂ ಅದರಲ್ಲಿಯೇ ಅಡಗಿದೆ. ಹಣ್ಣು ಕೆಂಪಾಗಿ ಉದುರಿದ ಮೇಲೆ, ಚಳಿಗಾಲದ ಕೊನೆಗೆ ಅಗೆದರೆ ಬೀಜವೂ ನೆಲಕ್ಕೆ ಬಿದ್ದಿರುತ್ತದೆ. ನಾಮದ ಬೇರು ಇದಕ್ಕಿಂತ ಸೂಕ್ಷ್ಮ. ತೆಳ್ಳಗಿನ ಒಂದೇ ಉದ್ದ ಬೇರು, ಒಂದು ಕೆಜಿ ಒಣ ಮಾಲಿಗೆ ಎಷ್ಟು ಗಿಡ ಹೋಗುತ್ತವೆಂದು ನೀವೇ ಒಮ್ಮೆ ಎಣಿಸಿ ನೋಡಿ, ಆಮೇಲೆ ಕಂಪನಿಗೆ ಕ್ವಿಂಟಲ್‌ಗಳ ಮಾತು ಕೊಡುವ ಧೈರ್ಯ ನಿಮಗೇ ಬರಲಾರದು. ಆದ್ದರಿಂದಲೇ ಬೇರಿಗೆ ಒಪ್ಪಬೇಡಿ ಎಂದೆ. ಶತಾವರಿಯನ್ನು ಬದುವಿನಲ್ಲಿ ನೆಟ್ಟರೆ ಒಂದೂವರೆ ಎರಡು ವರ್ಷಕ್ಕೆ ಕೊಯ್ಲಿಗೆ ಬರುತ್ತದೆ. ಮೂರು ವರ್ಷದ ಒಪ್ಪಂದ ಬೇಕೆನ್ನುವ ಕಂಪನಿಗೆ ಅಷ್ಟು ಕಾಯುವುದು ದೊಡ್ಡ ಮಾತಲ್ಲ, ಸಸಿಯ ಖರ್ಚನ್ನು ಅದೇ ಮುಂಗಡವಾಗಿ ಕೊಡಲಿ.

ಈಗ ಕಾನೂನಿನ ಪಾಲು. ಒಂದು ನಾಡಿನ ಗಿಡ, ಬೀಜ, ಜೀವಿಗಳ ಮೇಲೆ ಆ ನಾಡಿಗೆ ಅಧಿಕಾರವಿದೆ, ಅವುಗಳಿಂದ ಹುಟ್ಟಿದ ಲಾಭವನ್ನು ಕಾಪಾಡಿದವರೊಡನೆ ಹಂಚಿಕೊಳ್ಳಬೇಕು ಎಂದು 1992ರ ಜೀವವೈವಿಧ್ಯ ಒಡಂಬಡಿಕೆ ಹೇಳಿತು. ಅದರಂತೆ ನಮ್ಮಲ್ಲಿ 2002ರ ಜೀವವೈವಿಧ್ಯ ಕಾಯ್ದೆ ಬಂತು. ಚೆನ್ನೈಯಲ್ಲಿ ರಾಷ್ಟ್ರೀಯ ಪ್ರಾಧಿಕಾರ, ಬೆಂಗಳೂರಿನಲ್ಲಿ ಕರ್ನಾಟಕ ಜೀವವೈವಿಧ್ಯ ಮಂಡಳಿ, ಗ್ರಾಮ ಪಂಚಾಯ್ತಿಗೊಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ರಚನೆಯಾದವು. ಸ್ವದೇಶಿ ಕಂಪನಿಗಳು ಈ ಪಾಲು ಕೊಡಬೇಕೇ ಎಂಬ ವಾದ ಬಹಳ ಕಾಲ ನಡೆದು, ಆಯುರ್ವೇದ ಔಷಧಿ ತಯಾರಿಸುವ ದಿವ್ಯ ಫಾರ್ಮಸಿಯ ಪ್ರಕರಣದಲ್ಲಿ 2018ರ ಡಿಸೆಂಬರ್ 21ರಂದು ಉತ್ತರಾಖಂಡ ಹೈಕೋರ್ಟ್ ‘ಕೊಡಬೇಕು’ ಎಂದು ತೀರ್ಪಿತ್ತಿತು. ಆದರೆ ಆ ಬಳಿಕ ಗಾಳಿ ಬೇರೆ ದಿಕ್ಕಿಗೆ ಬೀಸಿದೆ. 2023ರ ತಿದ್ದುಪಡಿ, 2024ರ ಏಪ್ರಿಲ್‌ನಿಂದ ಜಾರಿಯಲ್ಲಿರುವುದು, ಬೆಳೆಸಿದ ಔಷಧಿ ಸಸ್ಯಗಳನ್ನೂ ಗ್ರಂಥಸ್ಥವಾದ ಪಾರಂಪರಿಕ ಜ್ಞಾನವನ್ನೂ ಈ ಕಟ್ಟಳೆಯಿಂದ ಹೊರಗಿಟ್ಟಿತು. 2025ರ ಏಪ್ರಿಲ್‌ನಲ್ಲಿ ಬಂದ ಹೊಸ ನಿಯಮಾವಳಿಯ ಪ್ರಕಾರ ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ದಾಟದ ಕಂಪನಿ ಏನೂ ಕೊಡಬೇಕಾಗಿಲ್ಲ. 5ರಿಂದ 50 ಕೋಟಿಯವರೆಗೆ ಮಾರಾಟದ ಶೇ 0.2, 50ರಿಂದ 250 ಕೋಟಿಯವರೆಗೆ ಶೇ 0.4, ಅದಕ್ಕೂ ಮೇಲ್ಪಟ್ಟರೆ ಶೇ 0.6. 2014ರ ಮಾರ್ಗಸೂಚಿಯಲ್ಲಿ ಕಚ್ಚಾ ಮಾಲಿನ ಖರೀದಿ ಬೆಲೆಯ ಮೇಲೆ ವ್ಯಾಪಾರಿಗೆ ಶೇ 1ರಿಂದ 3, ತಯಾರಕರಿಗೆ ಶೇ 3ರಿಂದ 5 ಎಂಬ ಇನ್ನೊಂದು ದಾರಿಯಾದರೂ ಇತ್ತು.

ಅಂಕಿಯನ್ನು ಅಂಗಳಕ್ಕೆ ಇಳಿಸಿ ನೋಡೋಣ. ನಿಮ್ಮ ಕಂಪನಿಯ ವಹಿವಾಟು 20 ಕೋಟಿ ಎಂದಿಟ್ಟುಕೊಳ್ಳಿ. ಶೇ 0.2ರಂತೆ ವರ್ಷಕ್ಕೆ 4 ಲಕ್ಷ ರೂಪಾಯಿ. ಅದರ ಉತ್ಪನ್ನಗಳಿಗೆ ಹತ್ತು ಕಡೆಯಿಂದ ಮೂವತ್ತು ಬಗೆಯ ಮೂಲಿಕೆ ಬರುತ್ತಿದ್ದರೆ, ಆಡಳಿತದ ವೆಚ್ಚ ಕಳೆದು, ನಿಮ್ಮ ಪಂಚಾಯ್ತಿಯ ಸಮಿತಿಗೆ ಮುಟ್ಟುವುದು ಕೆಲವು ಸಾವಿರ. ಅದೇ ನೀವು ವರ್ಷಕ್ಕೆ 20 ಕ್ವಿಂಟಲ್ ಒಣ ಎಲೆ ಕೊಡುವವರಾದರೆ, ಕೆಜಿಗೆ ಹತ್ತೇ ರೂಪಾಯಿ ಹೆಚ್ಚು ದರ ಕುದುರಿಸಿದರೂ 20 ಸಾವಿರ ರೂಪಾಯಿ ನೇರವಾಗಿ ಸಂಘದ ಖಾತೆಗೆ ಬೀಳುತ್ತದೆ. ಇದು ಲೆಕ್ಕಕ್ಕಾಗಿ ಹೇಳಿದ ಅಂಕಿ, ಆದರೆ ಪ್ರಮಾಣ ಹೀಗೆಯೇ ಇರುತ್ತದೆ. ಕಾನೂನಿನ ಪಾಲನ್ನು ಬಿಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ; ಅದು ಗುಡ್ಡಕ್ಕೆ, ಊರಿಗೆ ಸೇರಬೇಕಾದ ಹಣ, ಬರಲೇಬೇಕು. ಅದನ್ನು ತೋರಿಸಿ ದರ ಇಳಿಸುವುದಕ್ಕೆ ಮಾತ್ರ ಅವಕಾಶ ಕೊಡಬೇಡಿ.

ಆ ಹಣ ನಿಜವಾಗಿ ಊರು ಮುಟ್ಟಿದ ಉದಾಹರಣೆಯೂ ಇದೆ. ಈಗ ತೆಲಂಗಾಣದಲ್ಲಿರುವ ಅಮರಚಿಂತ ಎಂಬ ಊರಿನಿಂದ ಬೇವಿನ ಎಲೆಯನ್ನು ಜಪಾನಿಗೆ ಕಳಿಸಿದ ಕಂಪನಿಯೊಂದು ರಾಷ್ಟ್ರೀಯ ಪ್ರಾಧಿಕಾರಕ್ಕೆ ಸುಮಾರು 55 ಸಾವಿರ ರೂಪಾಯಿ ರಾಯಧನ ಕಟ್ಟಿತು, ಅದರಲ್ಲಿ ಸುಮಾರು ಅರ್ಧದಷ್ಟು ಆ ಊರಿನ ಸಮಿತಿಗೆ ಬೇವಿನ ಸಸಿ ನೆಡುವುದಕ್ಕೆಂದು ಹೋಯಿತು. ದೊಡ್ಡ ಮೊತ್ತವಲ್ಲ. ಆದರೆ ಎಲೆ ಯಾವ ಊರಿನದು ಎಂಬ ದಾಖಲೆ ಇದ್ದುದರಿಂದ ಹಣಕ್ಕೆ ಮರಳುವ ದಾರಿ ಸಿಕ್ಕಿತು. ಹುಬ್ಬಳ್ಳಿಯ ಗೋದಾಮಿನಲ್ಲಿ ನಿಮ್ಮ ಚೀಲವೂ ಹಾವೇರಿ, ಬಳ್ಳಾರಿಯ ಚೀಲಗಳೂ ಒಂದೇ ರಾಶಿಗೆ ಬಿದ್ದಾಗ ಆ ದಾರಿ ಮುಚ್ಚಿಹೋಗುತ್ತದೆ. ಮೂಲ ಗೊತ್ತಾಗದ ಮಾಲಿನ ಪಾಲು ಯಾವ ಊರಿಗೂ ಸೇರುವುದಿಲ್ಲ.

ಇನ್ನೊಂದು ಉದಾಹರಣೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಅದು ನಿಮ್ಮ ಸ್ಥಿತಿಗೆ ಬಹಳ ಹತ್ತಿರವಾದದ್ದು. 1987ರಲ್ಲಿ ಕೇರಳದ ಅಗಸ್ತ್ಯಮಲೆಯಲ್ಲಿ ಸಸ್ಯವಿಜ್ಞಾನಿಗಳ ತಂಡಕ್ಕೆ ದಾರಿ ತೋರಿಸುತ್ತಿದ್ದ ಕಾಣಿ ಬುಡಕಟ್ಟಿನ ಯುವಕರು ನಡುನಡುವೆ ಒಂದು ಗಿಡದ ಕಾಯಿ ತಿಂದು ದಣಿವಿಲ್ಲದೆ ಗುಡ್ಡ ಹತ್ತುತ್ತಿದ್ದರು. ಮೊದಲು ಹೇಳಲು ಒಪ್ಪದಿದ್ದವರು ಕೊನೆಗೆ ಗಿಡವನ್ನು ತೋರಿಸಿದರು, ಅದೇ ಆರೋಗ್ಯಪಚ್ಚ. ತಿರುವನಂತಪುರದ ಉಷ್ಣವಲಯ ಸಸ್ಯೋದ್ಯಾನ ಸಂಸ್ಥೆ ಅದರಿಂದ ‘ಜೀವನಿ’ ಎಂಬ ಔಷಧಿ ರೂಪಿಸಿ, ಕೊಯಮತ್ತೂರಿನ ಆರ್ಯ ವೈದ್ಯ ಫಾರ್ಮಸಿಗೆ 10 ಲಕ್ಷ ರೂಪಾಯಿ ಶುಲ್ಕ ಮತ್ತು ಶೇ 2ರ ರಾಯಧನಕ್ಕೆ ತಯಾರಿಕೆಯ ಪರವಾನಗಿ ಕೊಟ್ಟಿತು, ಮತ್ತು ತನಗೆ ಬಂದುದರಲ್ಲಿ ಅರ್ಧ ಕಾಣಿಗಳಿಗೆ ಎಂದು ತೀರ್ಮಾನಿಸಿತು. ಆಗಿನ್ನೂ ನಮ್ಮಲ್ಲಿ ಕಾಯ್ದೆಯೇ ಇರಲಿಲ್ಲ, ಆದ್ದರಿಂದ ಜಗತ್ತು ಅದನ್ನು ಮಾದರಿ ಎಂದು ಕೊಂಡಾಡಿದ್ದು ಸಹಜ. ಆದರೆ ಹಣ ಕೊಡಬೇಕೆಂದರೆ ಪಡೆಯುವವರು ಯಾರು ಎಂಬುದು ಗೊತ್ತಿರಲಿಲ್ಲ. ಕಾಣಿಗಳು ಬೇರೆ ಬೇರೆ ಹಾಡಿಗಳಲ್ಲಿ ಚದುರಿದ್ದರು, ಟ್ರಸ್ಟ್ ನೋಂದಣಿಯಾದದ್ದು 1997ರಲ್ಲಿ, ಹಣ ಕೈಸೇರಿದ್ದು ಅದಕ್ಕೂ ಆಮೇಲೆ. ಅದಕ್ಕಿಂತ ದೊಡ್ಡ ತೊಡಕು ಎಲೆಯದು: ಕಾಡಿನಿಂದ ಎಲೆ ಕೀಳಲು, ಬೆಳೆಸಿದ್ದನ್ನು ಸಾಗಿಸಲು ಅರಣ್ಯ ಇಲಾಖೆ ತಕರಾರು ತೆಗೆದಾಗ ಕಚ್ಚಾ ಮಾಲಿನ ಪೂರೈಕೆಯೇ ಕುಂಟಿತು. ಒಳ್ಳೆಯ ಮನಸ್ಸಿನಿಂದ ಮಾಡಿದ ಒಪ್ಪಂದ ನಡುವೆ ಸಿಕ್ಕಿಕೊಂಡದ್ದು ಎರಡು ಸಣ್ಣ ಪ್ರಶ್ನೆಗಳಲ್ಲಿ, ಎಲೆ ಯಾವ ಹಕ್ಕಿನಿಂದ ಬರುತ್ತದೆ, ಹಣ ಯಾರ ಖಾತೆಗೆ ಹೋಗುತ್ತದೆ. ಇವೆರಡಕ್ಕೂ ನಿಮ್ಮ ಕರಡಿನಲ್ಲಿ ಉತ್ತರವಿದೆಯೇ ನೋಡಿ.

ತಕ್ಕಡಿಯ ಮಾತಿಗೆ ಮರಳುತ್ತೇನೆ. ಈಗ ನಿಮ್ಮ ಮಾಲಿಗೆ ಏನೇನು ಕಡಿತವಾಗುತ್ತಿದೆ ಎಂಬುದನ್ನು ಸಂಘದ ಒಬ್ಬರು ಒಂದು ಹಂಗಾಮು ಪೂರ್ತಿ ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ಚೀಲದ ತೂಕ, ‘ಇನ್ನೂ ಹಸಿ ಇದೆ’ ಎಂದು ಮುರಿದದ್ದು, ಕಸವೆಂದು ತೆಗೆದದ್ದು, ಹಮಾಲಿ, ಬಾಡಿಗೆ, ಮುಂಗಡಕ್ಕೆ ಹಿಡಿದ ಬಡ್ಡಿ. ಹಲವರ ವಿಷಯದಲ್ಲಿ ಇವೆಲ್ಲ ಬಿಳಿ ಚೀಟಿಯ ಮೇಲೂ ಇರುವುದಿಲ್ಲ, ಬಾಯಿಮಾತಿನಲ್ಲಿ ಕಳೆದು ಉಳಿದ ಹಣ ಕೈಗೆ ಬರುತ್ತದೆ. ಹಸಿ ಎಲೆ ಒಣಗಿದಾಗ ತೂಕ ಎಷ್ಟೋ ಪಾಲು ಇಳಿಯುತ್ತದೆಂಬುದು ನಿಮಗೇ ಗೊತ್ತು. ಆ ಇಳಿಕೆಯ ನಷ್ಟವನ್ನೂ, ಒಣಗಿಸುವ ಹತ್ತು ದಿನದ ಕೂಲಿಯನ್ನೂ ದರದಲ್ಲಿ ಸೇರಿಸದಿದ್ದರೆ ನೀವು ಸರ್ಕಾರದ ಉದ್ಯೋಗ ಖಾತರಿಯ ಕೂಲಿಗಿಂತ ಕಡಿಮೆಗೆ ದುಡಿಯುತ್ತೀರಿ, ಮತ್ತು ಹಾಗೆ ದುಡಿಯುವವರು ಪ್ರಮಾಣ ಹೆಚ್ಚಿಸಲು ಗಿಡದ ಬುಡಕ್ಕೆ ಕೈ ಹಾಕದೆ ವಿಧಿಯಿಲ್ಲ. ಆದ್ದರಿಂದ ತೂಕ ನಿಮ್ಮ ಊರಿನಲ್ಲಿ, ನಿಮ್ಮ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಆಗಬೇಕು. ತೇವಾಂಶದ ಮಿತಿ ಅಂಕಿಯಲ್ಲಿ ಇರಬೇಕು. ಚೀಲ ಒಮ್ಮೆ ಊರು ಬಿಟ್ಟ ಮೇಲೆ ‘ಗುಣಮಟ್ಟ ಸಾಲದು’ ಎಂಬ ಮಾತು ಬಂದರೆ ಮಾದರಿಯನ್ನು ಇಬ್ಬರೂ ಒಪ್ಪಿದ ಪ್ರಯೋಗಾಲಯದಲ್ಲಿ ನೋಡಬೇಕು. ಬುಡ ಉಳಿಸಿ ತೆಗೆದ ಮಾಲಿಗೆ ಹೆಚ್ಚಿನ ದರ ಎಂಬುದನ್ನು ಪ್ರತ್ಯೇಕ ಸಾಲಾಗಿ ಬರೆಸಿ. ಹೆಸರು, ಮೊಹರು ತಾವಾಗಿ ದರ ತರುವುದಿಲ್ಲ. ನೆರೆಯ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು (ಜಿಐ), ಅಂದರೆ ಊರಿನ ಹೆಸರಿನಿಂದ ಹೆಸರಾದ ಮಾಲಿಗೆ ಸರ್ಕಾರ ಕೊಡುವ ಗುರುತು, ಸಿಕ್ಕಿತು. ಆ ಗುರುತಿನ ಹಕ್ಕು ಬಳಸಲು ಬೆಳೆಗಾರ ಅಧಿಕೃತ ಬಳಕೆದಾರನಾಗಿ ನೋಂದಾಯಿಸಿಕೊಳ್ಳಬೇಕು, ಹಾಗೆ ಮಾಡದವನ ಚೀಲಕ್ಕೆ ಅದರಿಂದ ಬರುವುದೇನೂ ಇಲ್ಲ.

ಆಯಿಯ ಲೇಪದ ವಿಷಯ ಎಲ್ಲಕ್ಕಿಂತ ಸೂಕ್ಷ್ಮವಾದದ್ದು. ತಿದ್ದುಪಡಿಯಿಂದಾಗಿ ಕಟ್ಟಳೆಯ ಹೊರಗೆ ಹೋದ ಜ್ಞಾನ ಗ್ರಂಥಸ್ಥವಾದದ್ದು ಮಾತ್ರ ಎಂದೆನಲ್ಲ, ಚರಕ, ಸುಶ್ರುತ ಸಂಹಿತೆಯಂಥ ಅಧಿಕೃತ ಗ್ರಂಥಗಳಲ್ಲಿ ಇರುವುದು. ಆಯಿ ತಮ್ಮ ಅತ್ತೆಯಿಂದಲೋ ತಾಯಿಯಿಂದಲೋ ಕಲಿತು ಬಾಯಲ್ಲಿ, ಕೈಯಲ್ಲಿ ಇಟ್ಟುಕೊಂಡಿರುವ ಕ್ರಮ ಆ ಗ್ರಂಥಗಳಲ್ಲಿ ಇಲ್ಲದಿದ್ದರೆ, ಅದಕ್ಕೆ ಕಾನೂನಿನ ರಕ್ಷಣೆ ಇಂದಿಗೂ ಉಳಿದಿದೆ. ಅದನ್ನು ವ್ಯಾಪಾರಕ್ಕೆ ಬಳಸುವವರು ರಾಜ್ಯ ಮಂಡಳಿಗೆ ಮೊದಲೇ ತಿಳಿಸಬೇಕು. ಆದರೆ ಸರಬರಾಜು ಒಪ್ಪಂದದ ಒಂದು ಸಾಲಿನಲ್ಲಿ, ಬೇರೆ ಬೆಲೆಯಿಲ್ಲದೆ ಅದನ್ನು ಬರೆದುಕೊಟ್ಟರೆ ನೀವೇ ಕೈಯಾರೆ ಒಪ್ಪಿಸಿದಂತೆ. ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ಬಹಳ ಹಿಂದೆ, ಶಿರಹಟ್ಟಿ ಕಡೆಯ ಊರೊಂದರಲ್ಲಿ ದನದ ಕಾಯಿಲೆಗೆ ಮದ್ದು ಕೊಡುವ ಹಿರಿಯರೊಬ್ಬರ ಬಳಿ ಮೂರು ದಿನ ಕುಳಿತು ಎರಡು ನೋಟ್‌ಬುಕ್ ತುಂಬ ಬರೆದುಕೊಂಡೆ, ಸಂಶೋಧನೆಗೆ ಉಪಯೋಗವಾಗಲೆಂದು ಒಂದು ಸಂಸ್ಥೆಗೆ ಕೊಟ್ಟೆ. ಆ ನೋಟ್‌ಬುಕ್‌ಗಳು ಮರಳಿ ಬರಲಿಲ್ಲ, ಕೇಳಿ ಬರೆದ ಪತ್ರಗಳಿಗೆ ಉತ್ತರವೂ ಬರಲಿಲ್ಲ. ಒಂದು ಪ್ರತಿಯನ್ನಾದರೂ ಅವರ ಮನೆಯಲ್ಲಿ ಬಿಟ್ಟು ಬರಬೇಕಿತ್ತು. ಅವರು ತೀರಿಕೊಂಡ ಮೇಲೆ ಅವರ ಮಗ ಬಂದು ‘ಅಪ್ಪಾರು ಹೇಳಿದ್ದು ನಿಮ್ಮ ಹತ್ರ ಐತೇನ್ರಿ’ ಎಂದು ಕೇಳಿದಾಗ ಕೊಡಲು ನನ್ನ ಬಳಿ ಏನೂ ಇರಲಿಲ್ಲ.

ಬೀಜದ ವಿಷಯದಲ್ಲಿಯೂ ಇಂಥದೇ ಪ್ರಶ್ನೆ ನಮ್ಮ ಧಾರವಾಡದ ಅಂಗಳದಲ್ಲಿಯೇ ಎದ್ದಿತ್ತು. ಕುಡಚಿ, ಮಾಳಾಪುರ, ರಬಕವಿ ಎಂದು ಊರಿನ ಹೆಸರನ್ನೇ ಹೊತ್ತ ಬದನೆ ತಳಿಗಳನ್ನು ಕುಲಾಂತರಿ ಬಿಟಿ ಬದನೆ ರೂಪಿಸಲು ಅನುಮತಿಯಿಲ್ಲದೆ ಬಳಸಲಾಗಿದೆ ಎಂದು 2010ರಲ್ಲಿ ದೂರು ದಾಖಲಾಗಿ, ರಾಷ್ಟ್ರೀಯ ಪ್ರಾಧಿಕಾರ ಕ್ರಮಕ್ಕೆ ಮುಂದಾಗಿ, ಪ್ರಕರಣ ನ್ಯಾಯಾಲಯದ ಮೆಟ್ಟಿಲು ಹತ್ತಿತು. ಯಾರ ತಪ್ಪು ಎಷ್ಟು ಎಂಬುದು ನ್ಯಾಯಾಲಯದ ವಿಷಯ. ಆ ತಳಿಗಳನ್ನು ತಲೆತಲಾಂತರದಿಂದ ಬೆಳೆದ ಊರುಗಳನ್ನು ಯಾರೂ ಮೊದಲು ಕೇಳಿರಲಿಲ್ಲ ಎಂಬುದೇ ಆ ದೂರಿನ ತಿರುಳು. ಇದಕ್ಕೆ ಎದುರಾಗಿ ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮವನ್ನು ನೋಡಿ. ಅಲ್ಲಿನ ಬೀಬಿ ಫಾತಿಮಾ ಸ್ವಸಹಾಯ ಸಂಘದ ಮಹಿಳೆಯರು ಸಾವೆ, ನವಣೆಯಂಥ ಸಿರಿಧಾನ್ಯದ ಬೀಜ ಉಳಿಸಿ, ಬೀಜ ಬ್ಯಾಂಕ್ ಕಟ್ಟಿ, ಧಾನ್ಯವನ್ನು ತಾವೇ ಸಂಸ್ಕರಿಸಿ ಮಾರುತ್ತಿದ್ದಾರೆ. 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಅವರಿಗೆ ಸಂದಿತು. ಬೀಜವೂ ಸಂಸ್ಕರಣೆಯೂ ಅವರ ಕೈಯಲ್ಲಿಯೇ ಇರುವುದರಿಂದ ಅವರು ಪಾಲು ಕೇಳಿಕೊಂಡು ಯಾರ ಬಾಗಿಲಿಗೂ ಹೋಗಬೇಕಾಗಿಲ್ಲ. ಒಂದು ದಿನ ಬಿಡುವು ಮಾಡಿಕೊಂಡು ಹೋಗಿ ಬನ್ನಿ, ನಿಮ್ಮ ಊರಿನಿಂದ ದೂರವೇನಲ್ಲ. ಮಧುನಾಶಿನಿ ಎಲೆಯನ್ನು ಪುಡಿ ಮಾಡಿ ತೂಗಿ ಚೀಲ ಹಾಕುವಷ್ಟು ಕೆಲಸ ನಿಮ್ಮ ಸಂಘಕ್ಕೂ ಅಸಾಧ್ಯವಲ್ಲ.

ಇನ್ನು ಮಾಡಬೇಕಾದ ಕೆಲಸ. ಪಂಚಾಯ್ತಿಗೆ ಹೋಗಿ ಪಿಡಿಒ ಅವರನ್ನು ಎರಡು ಕಾಗದ ಕೇಳಿ: ಜೀವವೈವಿಧ್ಯ ನಿರ್ವಹಣಾ ಸಮಿತಿಯ ಸದಸ್ಯರ ಪಟ್ಟಿ ಮತ್ತು ಜನತಾ ಜೀವವೈವಿಧ್ಯ ದಾಖಲಾತಿ, ಅಂದರೆ ಊರಿನ ಗಿಡ, ಜೀವಿಗಳನ್ನೂ ಅವುಗಳ ಬಗ್ಗೆ ಜನರಿಗಿರುವ ತಿಳಿವಳಿಕೆಯನ್ನೂ ಬರೆದಿಡುವ ಪುಸ್ತಕ. ಹಸಿರು ನ್ಯಾಯಮಂಡಳಿ 2020ರ ಜನವರಿಯ ಗಡುವು ವಿಧಿಸಿದಾಗ ದೇಶದ ತುಂಬ ಈ ದಾಖಲಾತಿಗಳು ಅವಸರದಲ್ಲಿ ತಯಾರಾದವು. ಪಕ್ಕದ ಊರಿನ ಪುಟಗಳನ್ನೇ ನಕಲು ಮಾಡಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ, ಆದ್ದರಿಂದ ನಿಮ್ಮ ಬೇಲಿಯ ಮಧುನಾಶಿನಿ ಅದರಲ್ಲಿ ಇಲ್ಲದಿದ್ದರೆ ಆಶ್ಚರ್ಯಪಡಬೇಡಿ, ಸೇರಿಸಿರೆಂದು ಅರ್ಜಿ ಕೊಡಿ. ನಿಮ್ಮ ಸಂಘದ ಒಬ್ಬಿಬ್ಬರು ಆ ಸಮಿತಿಯಲ್ಲಿ ಇರುವಂತೆ ಗ್ರಾಮಸಭೆಯಲ್ಲಿ ಕೇಳಿ. ಮುಂದೆ ನೀವು ಶತಾವರಿ ಬೆಳೆಸಿ ಮಾರುವಾಗ, ಅದು ಬೆಳೆಸಿದ್ದು ಎಂಬ ಮೂಲ ಪ್ರಮಾಣಪತ್ರ ಕೊಡುವುದೂ ಇದೇ ಸಮಿತಿ. ತಿದ್ದುಪಡಿಯಾದ ಕಾಯ್ದೆಯ ರಿಯಾಯಿತಿ ಬೇಕಾದ ಕಂಪನಿ ಆ ಪತ್ರಕ್ಕಾಗಿ ನಿಮ್ಮ ಊರಿಗೇ ಬರಬೇಕಾಗುತ್ತದೆ. ವಾಣಿಜ್ಯಕ್ಕಾಗಿ ಊ‌ರಿನ ವ್ಯಾಪ್ತಿಯಲ್ಲಿ ಸಂಗ್ರಹಿಸುವವರ ಮೇಲೆ ಶುಲ್ಕ ವಿಧಿಸುವ ಅವಕಾಶವನ್ನೂ ಕಾಯ್ದೆಯ ಕಲಂ 41 ಸಮಿತಿಗೆ ಕೊಟ್ಟಿದೆ. ಸ್ಥಳೀಯರಾದ ನೀವು ಮಂಡಳಿಗೆ ತಿಳಿಸಬೇಕಾದ ಕಟ್ಟಳೆಯಿಂದ ಹೊರಗಿದ್ದೀರಿ, ಕೊಳ್ಳುವ ಕಂಪನಿ ಹೊರಗಿಲ್ಲ. ಹಾಗೆ ತಿಳಿಸಿದ್ದರ ಪ್ರತಿಯನ್ನು ಒಪ್ಪಂದಕ್ಕೆ ಲಗತ್ತಿಸಿ ಎಂದು ಕೇಳಿ. ಕರಡು ಕನ್ನಡದಲ್ಲಿಯೂ ಇರಲಿ, ಸಹಿಯಾಗುವ ಮೊದಲು ಸಂಘದ ಹದಿನೆಂಟು ಮಂದಿಯ ಮುಂದೆ ಗಟ್ಟಿಯಾಗಿ ಓದಿಸಿ.

ಆಯಿಯ ಹೆಸರು ಉಳಿಯುತ್ತದೆಯೇ ಎಂದು ಕೇಳಿದ್ದೀರಿ. ಆ ದಾಖಲಾತಿಯಲ್ಲಿ ಊರಿನ ನಾಟಿ ವೈದ್ಯರ, ಔಷಧಿ ಬಲ್ಲವರ ವಿವರ ಬರೆಯಲು ಪ್ರತ್ಯೇಕ ನಮೂನೆ ಇದೆ. ಆಯಿ ಒಪ್ಪಿದರೆ ಅವರ ಹೆಸರನ್ನೂ, ಅವರು ಕೀಲುನೋವಿಗೆ ಮದ್ದು ಬಲ್ಲವರೆಂಬುದನ್ನೂ ಅಲ್ಲಿ ಬರೆಯಿಸಿ. ಯಾವ ಎಲೆ, ಎಷ್ಟು, ಹೇಗೆ ಅರೆಯಬೇಕು ಎಂಬುದನ್ನು ಬರೆಯಿಸುವ ಅಗತ್ಯವಿಲ್ಲ. ಅದನ್ನು ನಿಮ್ಮ ಸಂಘದ ಕಿರಿಯರೊಬ್ಬರು ಅವರ ಪಕ್ಕ ಕುಳಿತು ಕಲಿತು, ಬೇರೆ ನೋಟ್‌ಬುಕ್ಕಿನಲ್ಲಿ ಬರೆದು, ಆಯಿಯ ಮನೆಯಲ್ಲಿಯೇ ಇಡಲಿ. ಮುಂದೆ ಕಂಪನಿ ಆ ಲೇಪಕ್ಕೆ ಪ್ರತ್ಯೇಕ ಒಪ್ಪಂದ ತಂದರೆ, ಆಯಿಯ ಹೆಸರು, ಅವರಿಗೆ ಮತ್ತು ಊರಿಗೆ ಸಲ್ಲುವ ಪಾಲು, ಅವರು ಬೇಡವೆಂದ ದಿನ ಮಾತುಕತೆ ನಿಲ್ಲಿಸುವ ಹಕ್ಕು, ಈ ಮೂರೂ ಅದರಲ್ಲಿ ಇರಬೇಕು. ಆಯಿ ಈಗಲೇ ಬೇಡವೆಂದರೆ ಕಂಪನಿಗೆ ಹಾಗೆಯೇ ಬರೆದು ತಿಳಿಸಿ; ಎಲೆ ಮತ್ತು ನೆಲ್ಲಿಕಾಯಿಯ ಒಪ್ಪಂದಕ್ಕೆ ಅದರಿಂದ ಅಡ್ಡಿಯಾಗಬಾರದು, ಅಡ್ಡಿಯಾಗುತ್ತದೆ ಎಂದು ಅವರು ಹೇಳಿದರೆ ಅವರು ಬಂದದ್ದು ಎಲೆಗಾಗಿ ಅಲ್ಲ ಎಂಬುದು ನಿಮಗೆ ಸಹಿಗೆ ಮುಂಚೆಯೇ ಗೊತ್ತಾಗುತ್ತದೆ.